ಹಳೆಯ ಬ್ರಿಟಿಷ್ ಸೇನಾ ಟೋಪಿಯ ಬ್ಯಾಡ್ಜ್: ಯಾವ ಪಡೆಯದು, ಯಾವ ಕಾಲದ್ದು? ಒಂದು ಸಮಗ್ರ ಮಾರ್ಗದರ್ಶಿ

ಬ್ರಿಟಿಷ್ ಸೈನಿಕನ ಟೋಪಿಯ ಬ್ಯಾಡ್ಜ್ ಕೈಗೆ ಸಿಕ್ಕರೆ ಎಲ್ಲರೂ ಮೊದಲು ನೋಡುವುದು ಅದರ ಮುಖವನ್ನು. ಕಿರೀಟ, ಹುಲಿ, ಸ್ಫಿಂಕ್ಸ್, ಕೋಟೆ, ಲ್ಯಾಟಿನ್ ಧ್ಯೇಯವಾಕ್ಯ ಎಲ್ಲವೂ ಅಲ್ಲೇ ಇರುವುದರಿಂದ ಅದು ಸಹಜ. ಆದರೆ ಮುಂಭಾಗದ ಚಿತ್ರ ಪಡೆಯ ಹೆಸರನ್ನು ಹೇಳುವಷ್ಟು ಖಚಿತವಾಗಿ ವರ್ಷವನ್ನು ಹೇಳುವುದಿಲ್ಲ. ಒಂದೇ ಚಿತ್ರವನ್ನು ಐವತ್ತು ಅರವತ್ತು ವರ್ಷ ಧರಿಸಿದ ರೆಜಿಮೆಂಟುಗಳಿವೆ. ಕಾಲವನ್ನು ತಿಳಿಯಲು ಬ್ಯಾಡ್ಜನ್ನು ಮಗುಚಿ ಹಾಕಬೇಕು, ಲೋಹವನ್ನು ನೋಡಬೇಕು, ಬೆಸುಗೆಯನ್ನು ನೋಡಬೇಕು.

ಈ ಮಾರ್ಗದರ್ಶಿಯ ವಿಧಾನ ಇಷ್ಟು: ಬ್ಯಾಡ್ಜಿನಲ್ಲಿರುವ ಪ್ರತಿಯೊಂದು ಸುಳಿವೂ ಒಂದು ಅವಧಿಯನ್ನು ಮಾತ್ರ ಕೊಡುತ್ತದೆ. ಕಿರೀಟ ಒಂದು ಅವಧಿ, ರೆಜಿಮೆಂಟಿನ ಹೆಸರು ಇನ್ನೊಂದು, ಲೋಹ ಮತ್ತೊಂದು, ಹಿಂಬದಿಯ ಕೊಂಡಿ ಮಗದೊಂದು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಯಾವ ವರ್ಷಗಳು ಎಲ್ಲ ಅವಧಿಗಳಲ್ಲೂ ಬರುತ್ತವೆ ಎಂದು ನೋಡಿ. ಅದೇ ನಿಮ್ಮ ಬ್ಯಾಡ್ಜಿನ ಕಾಲ. ಅಂಥ ವರ್ಷ ಒಂದೂ ಉಳಿಯದಿದ್ದರೆ ಅದು ನಕಲು, ಮರುಮುದ್ರಣ (ಹಳೆಯ ಅಚ್ಚಿನಲ್ಲೇ ಆಮೇಲೆ ಒತ್ತಿದ್ದು) ಅಥವಾ ನಂತರ ದುರಸ್ತಿಯಾದದ್ದು. ಒಂದೇ ಸುಳಿವನ್ನು ನಂಬಿ ತೀರ್ಮಾನಕ್ಕೆ ಬರುವವರೇ ಹಣ ಕಳೆದುಕೊಳ್ಳುವುದು.

ಬೇಕಾದ ಸಲಕರಣೆ ಹೆಚ್ಚೇನಿಲ್ಲ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ (ಚಿನ್ನ ಬೆಳ್ಳಿ ವ್ಯಾಪಾರಿಗಳು ಬಳಸುವಂಥದ್ದು), ವರ್ನಿಯರ್ ಕ್ಯಾಲಿಪರ್, ಆಯಸ್ಕಾಂತ, ಓರೆಯಾಗಿ ಬೆಳಕು ಬೀಳಿಸಬಲ್ಲ ಟಾರ್ಚ್.

ಮೊದಲ ಹೆಜ್ಜೆ: ಅದು ಟೋಪಿಯ ಬ್ಯಾಡ್ಜ್ ಹೌದೇ?

ಮಾರುವವರು ಎಲ್ಲವನ್ನೂ ಟೋಪಿ ಬ್ಯಾಡ್ಜ್ ಎಂದೇ ಕರೆಯುತ್ತಾರೆ. ಸಾಮಾನ್ಯ ಟೋಪಿ ಬ್ಯಾಡ್ಜ್ ಸುಮಾರು 35ರಿಂದ 55 ಮಿಲಿಮೀಟರ್ ಎತ್ತರವಿರುತ್ತದೆ. ಅದೇ ಚಿತ್ರ 25ರಿಂದ 30 ಮಿಲಿಮೀಟರಿನಲ್ಲಿದ್ದರೆ ಅದು ಬಹುತೇಕ ಕೊರಳಪಟ್ಟಿಯದು. ಕೊರಳಪಟ್ಟಿಯ ಬ್ಯಾಡ್ಜುಗಳು ಜೋಡಿಯಾಗಿ ಇರುತ್ತಿದ್ದವು, ಅವುಗಳಲ್ಲಿನ ಪ್ರಾಣಿಗಳು ಸಾಮಾನ್ಯವಾಗಿ ಒಂದಕ್ಕೊಂದು ಎದುರು ಮುಖ ಮಾಡಿರುತ್ತವೆ. ಬರೀ ಅಕ್ಷರಗಳ ಬಾಗಿದ ಹಿತ್ತಾಳೆ ಪಟ್ಟಿ ಭುಜದ್ದು. ಅಂಗೈಯಗಲದ ಎಂಟು ಮೊನೆಯ ನಕ್ಷತ್ರ, ಮೇಲೆ ಕಿರೀಟ, ನಡುವೆ ವೃತ್ತ ಇದ್ದರೆ ಅದು ಶಿರಸ್ತ್ರಾಣದ ಫಲಕ. 1878ರಲ್ಲಿ ಬಂದ ನೀಲಿ ಬಟ್ಟೆಯ ಹೆಲ್ಮೆಟ್ಟಿನ ಮುಂಭಾಗದ್ದು.

ದುಂಡಗಿನ ಬೆಳ್ಳಿಯ ಬಿಲ್ಲೆಯ ಮೇಲೆ ರಾಜ ಮತ್ತು ಸಾಮ್ರಾಜ್ಯಕ್ಕಾಗಿ ಸೇವೆ ಸಲ್ಲಿಸಿದ್ದಾನೆ ಎಂಬರ್ಥದ ಇಂಗ್ಲಿಷ್ ಬರಹವಿದ್ದು, ಹಿಂದೆ ಸಂಖ್ಯೆ ಕೊರೆದಿದ್ದರೆ ಅದು ಟೋಪಿಯದ್ದೇ ಅಲ್ಲ. ಗಾಯ ಅಥವಾ ಕಾಯಿಲೆಯಿಂದ ಸೇನೆ ಬಿಟ್ಟವರಿಗೆ 1916ರ ಸೆಪ್ಟೆಂಬರಿನಿಂದ ಕೊಡಲಾದ ಬೆಳ್ಳಿ ಬಿಲ್ಲೆ ಅದು. ಊರಿನಲ್ಲಿ ಸಾದಾ ಬಟ್ಟೆಯಲ್ಲಿ ಓಡಾಡುವ ಯುವಕನನ್ನು ಯಾರೂ ಹೇಡಿ ಎಂದು ಜರಿಯದಿರಲಿ ಎಂಬುದು ಅದರ ಉದ್ದೇಶಗಳಲ್ಲೊಂದು. ಆ ಸಂಖ್ಯೆಯಿಂದ ಧರಿಸಿದವನ ಹೆಸರನ್ನೇ ಹುಡುಕಬಹುದಾದ್ದರಿಂದ ಅದನ್ನು ಸಾಮಾನ್ಯ ಬ್ಯಾಡ್ಜುಗಳ ರಾಶಿಯಲ್ಲಿ ಸೇರಿಸಬೇಡಿ.

ಎರಡನೆಯ ಹೆಜ್ಜೆ: ಪಡೆಯನ್ನು ಗುರುತಿಸುವುದು

ಬ್ಯಾಡ್ಜಿನಲ್ಲಿರುವ ಪಟ್ಟಿಯ ಮೇಲೆ ಹೆಸರಿದ್ದರೆ ಕೆಲಸ ಅರ್ಧ ಮುಗಿಯಿತು. ಹೆಸರಿಲ್ಲದಿದ್ದಾಗ ಚಿತ್ರಗಳ ಭಾಷೆ ತಿಳಿದಿರಬೇಕು. ಉರಿಯುವ ಗ್ರೆನೇಡ್ ಕಂಡರೆ ಫ್ಯುಸಿಲಿಯರ್ ರೆಜಿಮೆಂಟುಗಳು ಅಥವಾ ಗ್ರೆನೇಡಿಯರ್ ಗಾರ್ಡ್ಸ್. ಬೇಟೆಯ ಕಹಳೆ ಕಂಡರೆ ಲೈಟ್ ಇನ್‌ಫೆಂಟ್ರಿ. ಮಾಲ್ಟೀಸ್ ಶಿಲುಬೆ, ಅದೂ ಕಪ್ಪು ಬಣ್ಣದಲ್ಲಿ, ರೈಫಲ್ ಪಡೆಗಳದ್ದು. ಗಂಟು ಹಾಕಿದ ಹಗ್ಗ ಸ್ಟಾಫರ್ಡ್‌ಶೈರಿನದು: ಅದರ ಮೇಲೆ ಕಿರೀಟವಿದ್ದರೆ ದಕ್ಷಿಣ, ಮೂರು ಗರಿಗಳಿದ್ದರೆ ಉತ್ತರ ಸ್ಟಾಫರ್ಡ್‌ಶೈರ್. ಈರುಳ್ಳಿ ಜಾತಿಯ ಲೀಕ್ ಗಿಡ ವೆಲ್ಷ್ ಗಾರ್ಡ್ಸ್‌ನದು; ಆ ರೆಜಿಮೆಂಟ್ ಹುಟ್ಟಿದ್ದೇ 1915ರಲ್ಲಿ, ಹಾಗಾಗಿ ಅದಕ್ಕಿಂತ ಹಿಂದಿನ ಬ್ಯಾಡ್ಜ್ ಇರಲು ಸಾಧ್ಯವಿಲ್ಲ. ತಲೆಬುರುಡೆ ಮತ್ತು ಅಡ್ಡಮೂಳೆ ಕುದುರೆ ಪಡೆಯಾದ 17ನೇ ಲ್ಯಾನ್ಸರ್ಸ್‌ನ ಗುರುತು. 1922ರಲ್ಲಿ 21ನೇ ಲ್ಯಾನ್ಸರ್ಸ್ ಜೊತೆ ವಿಲೀನವಾದ ಮೇಲೂ ಅದು ಮುಂದುವರಿಯಿತು.

ಕೆಲವು ಚಿತ್ರಗಳು ಹಲವು ರೆಜಿಮೆಂಟುಗಳಿಗೆ ಸೇರಿದವು. 1801ರ ಈಜಿಪ್ಟ್ ಯುದ್ಧದಲ್ಲಿದ್ದ ಪಡೆಗಳಿಗೆ ಸ್ಫಿಂಕ್ಸ್ ಸಿಕ್ಕಿತು: ಸೌತ್ ವೇಲ್ಸ್ ಬಾರ್ಡರರ್ಸ್, ಗ್ಲಾಸ್ಟರ್‌ಶೈರ್, ಲಿಂಕನ್‌ಶೈರ್, ಲ್ಯಾಂಕಾಶೈರ್ ಫ್ಯುಸಿಲಿಯರ್ಸ್ ಎಲ್ಲರಲ್ಲೂ ಅದನ್ನು ಕಾಣಬಹುದು. 1779ರಿಂದ 1783ರವರೆಗೆ ಜಿಬ್ರಾಲ್ಟರಿನ ಮುತ್ತಿಗೆಯನ್ನು ತಡೆದುಕೊಂಡವರಿಗೆ ಕೋಟೆ ಮತ್ತು ಬೀಗದ ಕೈ: ಸಫೋಕ್, ಎಸೆಕ್ಸ್, ಡಾರ್ಸೆಟ್‌ಶೈರ್, ನಾರ್ಥಾಂಪ್ಟನ್‌ಶೈರ್.

ನಮ್ಮ ಓದುಗರು ಹೆಚ್ಚು ಗಮನಿಸಬೇಕಾದದ್ದು ಹುಲಿ ಮತ್ತು ಆನೆಯನ್ನು. ಇವು ಭಾರತದಲ್ಲಿ ಸೇವೆ ಸಲ್ಲಿಸಿದ ಪಡೆಗಳ ಗುರುತು. ಹುಲಿಯ ಮೇಲೆ ಹಿಂದೂಸ್ತಾನ್ ಎಂಬ ಹಳೆಯ ಇಂಗ್ಲಿಷ್ ಬರಹವಿದ್ದರೆ ಲೆಸ್ಟರ್‌ಶೈರ್ ರೆಜಿಮೆಂಟ್. ಹುಲಿಯ ಜೊತೆ ಗುಲಾಬಿಯೂ ಇದ್ದರೆ ಹ್ಯಾಂಪ್‌ಶೈರ್ ಅಥವಾ ಯಾರ್ಕ್ ಅಂಡ್ ಲ್ಯಾಂಕಾಸ್ಟರ್. ಪಟ್ಟಿಯ ಹೆಸರು ನೋಡಿ ನಿರ್ಧರಿಸಬೇಕು. ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯ ನಕ್ಷತ್ರದ ಕೆಳಗಿರುವ ಪುಟ್ಟ ಆನೆಯ ಜೊತೆ ಅಸ್ಸಾಯೆ ಎಂದು ಬರೆದಿರುತ್ತದೆ. 1803ರಲ್ಲಿ ಆರ್ಥರ್ ವೆಲ್ಲೆಸ್ಲಿ ಮರಾಠರ ವಿರುದ್ಧ ಗೆದ್ದ ಕದನ ಅದು. ಆ ವೆಲ್ಲೆಸ್ಲಿ ಅದಕ್ಕೆ ಮುಂಚೆ ಶ್ರೀರಂಗಪಟ್ಟಣದಲ್ಲಿ ಆಡಳಿತ ಮಾಡುತ್ತಿದ್ದವನು. ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್‌ನ ಗ್ರೆನೇಡಿನ ಮೇಲೆ ಹುಲಿ ಮತ್ತು ಆನೆ ಎರಡೂ ಇವೆ. ಹೆಸರಿನಲ್ಲಿ ಐರ್ಲೆಂಡ್ ಇದ್ದರೂ ಆ ರೆಜಿಮೆಂಟ್ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಮತ್ತು ಬಾಂಬೆಯ ಯುರೋಪಿಯನ್ ಪಡೆಗಳಿಂದ ಬಂದದ್ದು. ಆ ಆನೆ ಕರ್ನಾಟಿಕ್ ಮತ್ತು ಮೈಸೂರು ಯುದ್ಧಗಳ ಗೌರವದ ಕುರುಹು. ಹೈದರ್ ಮತ್ತು ಟಿಪ್ಪುವಿನ ವಿರುದ್ಧದ ಯುದ್ಧಗಳು ಡಬ್ಲಿನ್ನಿನ ಹುಡುಗರ ಟೋಪಿಯ ಮೇಲೆ 1922ರವರೆಗೂ ಉಳಿದಿದ್ದವು ಎಂಬುದು ನನಗೆ ಈ ಹವ್ಯಾಸದಲ್ಲೇ ಅತ್ಯಂತ ಪ್ರಿಯವಾದ ಸಂಗತಿ.

ಮೂರನೆಯ ಹೆಜ್ಜೆ: ಕಿರೀಟ

ಕಿರೀಟ ಸುಲಭದ ಸುಳಿವು, ಹಾಗಾಗಿಯೇ ಎಲ್ಲರೂ ಅದನ್ನು ಅತಿಯಾಗಿ ನಂಬುತ್ತಾರೆ. ನೋಡಬೇಕಾದದ್ದು ಮೇಲಿನ ಕಮಾನುಗಳನ್ನು.

ವಿಕ್ಟೋರಿಯಾ ಕಾಲದ ಕಿರೀಟದ ಕಮಾನುಗಳು ಎರಡೂ ಬದಿಯಲ್ಲಿ ಚೌಕಾಕಾರದ ಹೆಗಲಿನಂತೆ ಮೇಲೆದ್ದು, ನಡುವೆ ತುಸು ತಗ್ಗಿ, ಒಟ್ಟಾರೆ ಅಗಲವಾಗಿ ಚಪ್ಪಟೆಯಾಗಿ ಕಾಣುತ್ತವೆ. 1901ರಲ್ಲಿ ಏಳನೇ ಎಡ್ವರ್ಡ್ ಬಂದ ಮೇಲೆ ಬಂದದ್ದು ಟ್ಯೂಡರ್ ಕಿರೀಟ. ಸಂಗ್ರಾಹಕರು ಇದನ್ನು ರಾಜನ ಕಿರೀಟ ಎನ್ನುತ್ತಾರೆ. ಅದರ ಕಮಾನುಗಳು ತಗ್ಗದೆ ಗುಮ್ಮಟದಂತೆ ದುಂಡಗೆ ಮೇಲೇರುತ್ತವೆ. ಏಳನೇ ಎಡ್ವರ್ಡ್, ಐದನೇ ಜಾರ್ಜ್, ಆರನೇ ಜಾರ್ಜ್ ಎಲ್ಲರ ಕಾಲದಲ್ಲೂ ಇದೇ ಇತ್ತು. ಎರಡನೇ ಎಲಿಜಬೆತ್ ಪಟ್ಟಕ್ಕೆ ಬಂದ ಮೇಲೆ, 1953ರ ಸುಮಾರಿಗೆ, ಸೇಂಟ್ ಎಡ್ವರ್ಡ್ ಕಿರೀಟ ಬಂತು. ಇದರ ನಡುಭಾಗ ಮತ್ತೆ ತಗ್ಗಿರುತ್ತದೆ, ಆದರೆ ಹೆಗಲುಗಳು ವಿಕ್ಟೋರಿಯಾದಷ್ಟು ಚೌಕವಲ್ಲ, ಇಳಿಜಾರಾಗಿ ಬಾಗಿರುತ್ತವೆ.

ಇಲ್ಲಿ ಎರಡು ಬಲೆಗಳಿವೆ. ನಡು ತಗ್ಗಿದ ಕಿರೀಟ ಕಂಡ ಕೂಡಲೇ ವಿಕ್ಟೋರಿಯಾ ಕಾಲದ್ದು ಎಂದು 1950ರ ದಶಕದ ಬ್ಯಾಡ್ಜಿಗೆ ದುಬಾರಿ ಬೆಲೆ ಹೇಳುವುದು ಸಾಮಾನ್ಯ. ಹಿಂಬದಿಯ ಕೊಂಡಿ ನೋಡಿದರೆ ಈ ಗೊಂದಲ ತಕ್ಷಣ ಬಗೆಹರಿಯುತ್ತದೆ. ಇನ್ನೊಂದು ಹೊಸ ಬಲೆ. ಮೂರನೇ ಚಾರ್ಲ್ಸ್ 2022ರಲ್ಲಿ ಮತ್ತೆ ಟ್ಯೂಡರ್ ಕಿರೀಟವನ್ನೇ ಆರಿಸಿಕೊಂಡಿದ್ದರಿಂದ ಈಗ ತಯಾರಾಗುವ ಬ್ಯಾಡ್ಜುಗಳಲ್ಲೂ ದುಂಡು ಕಿರೀಟವಿದೆ. ದುಂಡು ಕಿರೀಟ ಎಂದರೆ 1952ಕ್ಕಿಂತ ಹಿಂದಿನದು ಎಂಬ ಹಳೆಯ ಸೂತ್ರ ಇನ್ನು ಮುಂದೆ ಹಾಗೆಯೇ ನಡೆಯುವುದಿಲ್ಲ.

ಕಿರೀಟ ಬದಲಾದ ದಿನವೇ ಎಲ್ಲರ ಟೋಪಿಯೂ ಬದಲಾಗುತ್ತಿರಲಿಲ್ಲ. ಗೋದಾಮಿನ ದಾಸ್ತಾನು ಮುಗಿಯುವವರೆಗೆ ಹಳೆಯದೇ ನಡೆಯುತ್ತಿತ್ತು. ಆದ್ದರಿಂದ ಕಿರೀಟ ತಯಾರಿಕೆಯ ಅವಧಿಯನ್ನು ಹೇಳುತ್ತದೆ, ಧರಿಸಿದ ಕೊನೆಯ ದಿನವನ್ನಲ್ಲ.

ನಾಲ್ಕನೆಯ ಹೆಜ್ಜೆ: ಅಕ್ಷರಗಳು ಮತ್ತು ಹೆಸರುಗಳು

ಕಿರೀಟ ಐವತ್ತು ವರ್ಷದ ಅವಧಿ ಕೊಟ್ಟರೆ ಅಕ್ಷರಗಳು ಅದನ್ನು ಐದಾರು ವರ್ಷಕ್ಕೆ ಇಳಿಸಬಲ್ಲವು. ರಾಯಲ್ ಎಂಜಿನಿಯರ್ಸ್ ಮತ್ತು ಆರ್ಮಿ ಸರ್ವಿಸ್ ಕೋರ್ (ಕೋರ್ ಎಂದರೆ ಒಂದು ಬಗೆಯ ಕೆಲಸಕ್ಕೆ ಮೀಸಲಾದ ಸೇನಾ ವಿಭಾಗ) ಬ್ಯಾಡ್ಜುಗಳ ನಡುವೆ ಅರಸನ ಹೆಸರಿನ ಅಕ್ಷರಗಳು ಹೆಣೆದುಕೊಂಡಿರುತ್ತವೆ. ರೋಮನ್ ಸಂಖ್ಯೆಯನ್ನು ಭೂತಗನ್ನಡಿಯಲ್ಲಿ ಓದಿ: ಏಳನೇ ಎಡ್ವರ್ಡ್ 1901ರಿಂದ 1910, ಐದನೇ ಜಾರ್ಜ್ 1910ರಿಂದ 1936, ಆರನೇ ಜಾರ್ಜ್ 1936ರಿಂದ 1952. ಎಂಟನೇ ಎಡ್ವರ್ಡ್ 1936ರ ಜನವರಿಯಿಂದ ಡಿಸೆಂಬರ್‌ವರೆಗೆ ಮಾತ್ರ ಅರಸನಾಗಿದ್ದ. ಅವನ ಅಕ್ಷರವಿರುವ ಬ್ಯಾಡ್ಜ್ ಯಾರಾದರೂ ತೋರಿಸಿದರೆ ಆಸೆಗಿಂತ ಅನುಮಾನ ಮೊದಲು ಬರಲಿ.

ಹೆಸರು ಬದಲಾದ ವರ್ಷಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಈ ವಿದ್ಯೆಯಲ್ಲಿ ಅತಿ ಹೆಚ್ಚು ಫಲ ಕೊಡುವ ಶ್ರಮ. 1881ರ ಜುಲೈನಲ್ಲಿ ಯುದ್ಧ ಸಚಿವ ಚಿಲ್ಡರ್ಸ್ ತಂದ ಸುಧಾರಣೆಯಿಂದ ಕಾಲಾಳು ರೆಜಿಮೆಂಟುಗಳು ಸಂಖ್ಯೆಗಳನ್ನು ಬಿಟ್ಟು ಜಿಲ್ಲೆಗಳ ಹೆಸರು ಪಡೆದವು. ಅದಕ್ಕೂ ಮೊದಲು, 1874ರಿಂದ, ಗ್ಲೆನ್‌ಗ್ಯಾರಿ ಎಂಬ ಮಡಿಕೆಯ ಟೋಪಿಗೆ ಸಂಖ್ಯೆಯಿರುವ ಬ್ಯಾಡ್ಜುಗಳಿದ್ದವು. ಹಾಗಾಗಿ ಬರೀ ರೆಜಿಮೆಂಟ್ ಸಂಖ್ಯೆಯಿರುವ ಕಾಲಾಳು ಬ್ಯಾಡ್ಜ್ ಸಾಮಾನ್ಯವಾಗಿ 1881ಕ್ಕಿಂತ ಹಿಂದಿನದು. ಕುದುರೆ ಪಡೆಗಳಿಗೆ ಈ ನಿಯಮ ಹೊಂದುವುದಿಲ್ಲ, ಅವು ಸಂಖ್ಯೆಯನ್ನು ಉಳಿಸಿಕೊಂಡವು.

ಮೊದಲ ಮಹಾಯುದ್ಧದ ಆಸುಪಾಸು ಬದಲಾವಣೆಗಳ ರಾಶಿಯೇ ಇದೆ. ರಾಯಲ್ ಫ್ಲೈಯಿಂಗ್ ಕೋರ್ 1912ರಿಂದ 1918. ಮೆಷಿನ್ ಗನ್ ಕೋರ್ 1915ರ ಅಕ್ಟೋಬರ್‌ನಿಂದ 1922; ಅಡ್ಡಡ್ಡ ಇಟ್ಟ ಎರಡು ವಿಕರ್ಸ್ ಬಂದೂಕು, ಮೇಲೆ ಕಿರೀಟ. ಟ್ಯಾಂಕ್ ಕೋರ್ 1917ರಿಂದ 1923. ಆಮೇಲೆ ರಾಯಲ್ ಎಂಬ ಬಿರುದು ಸೇರಿ, ಪಟ್ಟಿಯ ಮೇಲೆ ಹೆಸರಿನ ಬದಲು ಯಾವುದಕ್ಕೂ ಅಂಜಬೇಡ ಎಂಬರ್ಥದ ಧ್ಯೇಯವಾಕ್ಯ ಬಂತು. ಆರ್ಮಿ ಸರ್ವಿಸ್ ಕೋರ್, ಆರ್ಡ್‌ನೆನ್ಸ್ ಕೋರ್, ಪಶುವೈದ್ಯ ಕೋರ್ ಮೂರಕ್ಕೂ 1918ರಲ್ಲಿ ರಾಯಲ್ ಬಿರುದು ಸಿಕ್ಕಿತು. ಬೆಡ್‌ಫರ್ಡ್‌ಶೈರ್ ರೆಜಿಮೆಂಟಿಗೆ 1919ರಲ್ಲಿ ಹರ್ಟ್‌ಫರ್ಡ್‌ಶೈರ್ ಸೇರಿತು. ವೆಲ್ಷ್ ರೆಜಿಮೆಂಟ್ ಮತ್ತು ರಾಯಲ್ ವೆಲ್ಷ್ ಫ್ಯುಸಿಲಿಯರ್ಸ್ ಬ್ಯಾಡ್ಜುಗಳಲ್ಲಿ ಒಂದೇ ಒಂದು ಅಕ್ಷರ ನೋಡಿ. 1920ರವರೆಗೆ ಆ ಪದದ ಇಂಗ್ಲಿಷ್ ಬರಹದಲ್ಲಿ ನಾಲ್ಕನೆಯ ಅಕ್ಷರ ಎಸ್, ಆಮೇಲೆ ಸಿ. ಮ್ಯಾಂಚೆಸ್ಟರ್ ರೆಜಿಮೆಂಟ್ 1923ರವರೆಗೆ ನಗರದ ಲಾಂಛನ ಧರಿಸಿ ನಂತರ ಲಿಲ್ಲಿ ಹೂವಿನ ಚಿತ್ರಕ್ಕೆ ಬದಲಾಯಿತು.

ಐರ್ಲೆಂಡಿನ ದಕ್ಷಿಣ ಭಾಗದ ಐದು ಕಾಲಾಳು ರೆಜಿಮೆಂಟುಗಳು, ಅಂದರೆ ರಾಯಲ್ ಐರಿಶ್, ಕನಾಟ್ ರೇಂಜರ್ಸ್, ಲೀನ್‌ಸ್ಟರ್, ಮನ್‌ಸ್ಟರ್ ಫ್ಯುಸಿಲಿಯರ್ಸ್ ಮತ್ತು ಡಬ್ಲಿನ್ ಫ್ಯುಸಿಲಿಯರ್ಸ್, 1922ರ ಜುಲೈ 31ರಂದು ವಿಸರ್ಜನೆಯಾದವು. ಇವುಗಳ ಬ್ಯಾಡ್ಜಿನಲ್ಲಿ ಎಲಿಜಬೆತ್ ಕಾಲದ ಕಿರೀಟವಾಗಲಿ 1950ರ ದಶಕದಿಂದ ಬಂದ, ಅನೋಡೈಸ್ ಮಾಡಿದ (ವಿದ್ಯುತ್ತಿನಿಂದ ಮೇಲ್ಪದರ ಕೊಟ್ಟ) ಅಲ್ಯೂಮಿನಿಯಮ್ ಆಗಲಿ ಕಂಡರೆ ಮುಂದೆ ಪರೀಕ್ಷಿಸುವ ಅಗತ್ಯವಿಲ್ಲ.

1935ರಲ್ಲಿ ನಾರ್ಫೋಕ್ ಮತ್ತು ನಾರ್ಥಂಬರ್‌ಲ್ಯಾಂಡ್ ಫ್ಯುಸಿಲಿಯರ್ಸ್, 1946ರಲ್ಲಿ ಲೆಸ್ಟರ್‌ಶೈರ್, ಲಿಂಕನ್‌ಶೈರ್, ಹ್ಯಾಂಪ್‌ಶೈರ್ ರಾಯಲ್ ಆದವು. ಯಂತ್ರಗಳ ದುರಸ್ತಿಯ ಕೋರ್ ಆದ ರೀಮಿ ಹುಟ್ಟಿದ್ದು 1942ರಲ್ಲಿ. ಗುರಾಣಿಗಳಿರುವ ಮೊದಲ ಬ್ಯಾಡ್ಜ್ 1947ರವರೆಗೆ ಮಾತ್ರ, ಆಮೇಲೆ ಕುದುರೆ ಮತ್ತು ಮಿಂಚು ಬಂದವು.

ಅಕ್ಷರ ಇಲ್ಲದಿರುವುದೂ ಒಂದು ಸುಳಿವು. 1908ರಲ್ಲಿ ರಚನೆಯಾದ ಟೆರಿಟೋರಿಯಲ್ ಎಂಬ ಅರೆಕಾಲಿಕ ಸೈನಿಕರ ಪಡೆಯ ಕೆಲವು ಬೆಟಾಲಿಯನ್‌ಗಳಿಗೆ ಮೂಲ ರೆಜಿಮೆಂಟಿನ ಯುದ್ಧಗೌರವ, ಅಂದರೆ ಹೋರಾಡಿದ ಕದನದ ಹೆಸರು, ಧರಿಸುವ ಹಕ್ಕಿರಲಿಲ್ಲ, ಆ ಪಟ್ಟಿಯನ್ನು ಖಾಲಿ ಬಿಡುತ್ತಿದ್ದರು ಅಥವಾ ಅಲ್ಲಿ ದಕ್ಷಿಣ ಆಫ್ರಿಕಾ ಯುದ್ಧದ ಹೆಸರು ಹಾಕುತ್ತಿದ್ದರು. ಫಿರಂಗಿ ಪಡೆಯ ಟೆರಿಟೋರಿಯಲ್‌ಗಳು ಎಲ್ಲೆಡೆ ಎಂಬರ್ಥದ ಯುಬಿಕ್ ಎಂಬ ಲ್ಯಾಟಿನ್ ಪದದ ಜಾಗದಲ್ಲಿ ಲಾರೆಲ್ ಎಲೆಗಳನ್ನು ಧರಿಸಿದರು. ಖಾಲಿ ಪಟ್ಟಿ ಕಂಡು ಇದು ಸವೆದು ಹೋಗಿದೆ ಎಂದು ಅಗ್ಗಕ್ಕೆ ಮಾರುವವರಿದ್ದಾರೆ. ಸವೆದಿದ್ದರೆ ಪಕ್ಕದ ಭಾಗಗಳೂ ಸವೆದಿರಬೇಕು ಎಂಬುದನ್ನು ನೆನಪಿಡಿ.

ಐದನೆಯ ಹೆಜ್ಜೆ: ಲೋಹ

ಸಾಮಾನ್ಯ ಸೈನಿಕರ ಬ್ಯಾಡ್ಜುಗಳು ಎರಡು ಲೋಹಗಳಲ್ಲಿ ಆದವು. ಒಂದು ತಾಮ್ರ ಹೆಚ್ಚಿರುವ, ಹಿತ್ತಾಳೆಯಂತೆ ಕಾಣುವ ಗಿಲ್ಡಿಂಗ್ ಲೋಹ. ಇನ್ನೊಂದು ತಾಮ್ರ, ನಿಕಲ್, ಸತು ಸೇರಿದ ಬಿಳಿ ಲೋಹ. ಎರಡನ್ನೂ ಕೂಡಿಸಿ ಬೆಸೆದ ಬ್ಯಾಡ್ಜುಗಳು ಬಹಳ. ಇವೆರಡೂ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದರೆ ಅದು ಲೇಪನ ಮಾಡಿದ ಕಬ್ಬಿಣ, ಪಕ್ಕಕ್ಕಿಡಿ.

1916ರಲ್ಲಿ ಲೋಹ ಮತ್ತು ಕೆಲಸ ಉಳಿಸಲು ಎರಡು ಲೋಹದ ಅನೇಕ ಬ್ಯಾಡ್ಜುಗಳನ್ನು ಪೂರ್ತಿ ಹಿತ್ತಾಳೆ ಬಣ್ಣದ ಒಂದೇ ಲೋಹದಲ್ಲಿ ಅಚ್ಚೊತ್ತಿದರು. ಇದು ಮಿತವ್ಯಯದ ಬ್ಯಾಡ್ಜ್ ಎಂದೇ ಹೆಸರಾಗಿದೆ. ಸಾಧಾರಣವಾಗಿ ಕಂಡರೂ ಕಾಲ ಹೇಳುವುದರಲ್ಲಿ ಇದಕ್ಕೆ ಸಮನಾದದ್ದು ಕಡಿಮೆ. ಬಿಳಿ ಭಾಗವಿರಬೇಕಾದ ಜಾಗದಲ್ಲಿ ಹಳದಿಯೇ ಇದ್ದು, ಜೋಡಣೆಯ ಗೆರೆ ಹಿಂದೆ ಎಲ್ಲೂ ಕಾಣದಿದ್ದರೆ ಮೊದಲ ಮಹಾಯುದ್ಧದ ಮಧ್ಯಭಾಗದಲ್ಲಿದ್ದೀರಿ.

ಅಧಿಕಾರಿಗಳದ್ದು ಬೇರೆ ಲೋಕ. 1902ರಲ್ಲಿ ಬಂದ ಖಾಕಿ ಸಮವಸ್ತ್ರಕ್ಕೆ ಅವರು ಕಂಚಿನ ಗಾಢ ಕಂದು ಬಣ್ಣದ ಬ್ಯಾಡ್ಜ್ ಧರಿಸಿದರು. ವಿಧ್ಯುಕ್ತ ಉಡುಪಿಗೆ ಚಿನ್ನದ ಲೇಪ, ಬೆಳ್ಳಿ, ಕೆಲವೊಮ್ಮೆ ಬಣ್ಣದ ಎನಾಮಲ್. ಬೆಳ್ಳಿಯ ಮೇಲೆ ಬರ್ಮಿಂಗ್‌ಹ್ಯಾಮಿನ ಲಂಗರು ಗುರುತು ಮತ್ತು ವರ್ಷದ ಅಕ್ಷರ ಇದ್ದರೆ ನಿಮಗೆ ಅದೃಷ್ಟ. ಅಕ್ಷರದ ಪಟ್ಟಿ ನೋಡಿ ತಯಾರಾದ ವರ್ಷವನ್ನೇ ಹೇಳಬಹುದು.

ಎರಡನೇ ಮಹಾಯುದ್ಧದಲ್ಲಿ, 1942ರ ನಂತರ, ಲೋಹದ ಬದಲು ಪ್ಲಾಸ್ಟಿಕ್ ಬಂತು. ಕಂದು, ಬೂದು ಅಥವಾ ಬೆಳ್ಳಿ ಬಣ್ಣದ ಈ ಹಗುರ ಬ್ಯಾಡ್ಜುಗಳನ್ನು ಆಟಿಕೆ ಎಂದು ಬಿಸಾಡಿದವರು ಎಷ್ಟೋ ಮಂದಿ. ಹಿಂದೆ ಮಡಚುವ ಲೋಹದ ಕಾಲುಗಳಿರುತ್ತವೆ, ಕೆಲವದರಲ್ಲಿ ವಾಲ್ಸಾಲ್ ಊರಿನ ಎ. ಸ್ಟ್ಯಾನ್ಲಿ ಅಂಡ್ ಸನ್ಸ್ ಎಂಬ ತಯಾರಕರ ಹೆಸರು. ತಯಾರಿಕೆಯ ಅವಧಿ ಚಿಕ್ಕದಾಗಿದ್ದರಿಂದ ಕಾಲ ನಿರ್ಣಯ ನಿರಾಯಾಸ. 1950ರ ದಶಕದಿಂದ ಬಂದದ್ದು ಅನೋಡೈಸ್ ಮಾಡಿದ ಅಲ್ಯೂಮಿನಿಯಮ್: ಅತಿ ಹಗುರ, ಉಜ್ಜದೆಯೂ ಹೊಳೆಯುವಂಥದ್ದು, ಗೀರಿದ ಕಡೆ ಬೆಳ್ಳನೆಯ ಲೋಹ ಇಣುಕುವಂಥದ್ದು. ಅನೋಡೈಸ್ ಆಗಿದ್ದೂ ದುಂಡು ಕಿರೀಟವಿದ್ದರೆ ಅದು 1952ರ ಆಸುಪಾಸಿನ ಅಪರೂಪದ ವಸ್ತುವಾಗಿರಬಹುದು, 2022ರ ನಂತರದ ಹೊಚ್ಚ ಹೊಸದೂ ಆಗಿರಬಹುದು.

ಆರನೆಯ ಹೆಜ್ಜೆ: ಬೆನ್ನು

ಮೆತ್ತನೆಯ ಬಟ್ಟೆಯ ಮೇಲೆ ಬ್ಯಾಡ್ಜನ್ನು ಮಗುಚಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ.

ಅಸಲಿ ಬ್ಯಾಡ್ಜುಗಳಲ್ಲಿ ಹೆಚ್ಚಿನವು ಲೋಹದ ತಗಡನ್ನು ಗಟ್ಟಿ ಉಕ್ಕಿನ ಅಚ್ಚಿನಲ್ಲಿ ಬಲವಾಗಿ ಒತ್ತಿ ಮಾಡಿದವು. ನಮ್ಮ ದೇವಸ್ಥಾನದ ಬೆಳ್ಳಿ ಮುಖವಾಡವನ್ನು ಹಿಂದಿನಿಂದ ನೋಡಿದರೆ ಮೂಗು ಕಣ್ಣುಗಳು ತಗ್ಗಾಗಿ ಕಾಣುತ್ತವಲ್ಲ, ಇಲ್ಲೂ ಮುಂದಿನ ಉಬ್ಬೆಲ್ಲ ಹಿಂದೆ ತಗ್ಗಾಗಿ ಕಾಣಬೇಕು. ಹಿಂಭಾಗ ಚಪ್ಪಟೆಯಾಗಿದ್ದು, ಮರಳಿನಂತೆ ಒರಟಾಗಿ, ಸೂಜಿ ಮೊನೆಯಷ್ಟು ಗುಳಿಗಳಿದ್ದರೆ ಅದು ಎರಕ ಹೊಯ್ದದ್ದು.

ಇನ್ನು ಕೊಂಡಿಗಳು. ಟೋಪಿಯ ಬಟ್ಟೆಯೊಳಗೆ ತೂರಿಸಿ ಹಿಂದಿನಿಂದ ಪಿನ್ ಹಾಕುವ ಎರಡು ತಂತಿಯ ಉಂಗುರಗಳು ಹಳೆಯ ವಿಧಾನ. ವಿಕ್ಟೋರಿಯಾ ಕಾಲದ ಬ್ಯಾಡ್ಜುಗಳಲ್ಲಿ ಇವೇ ಇರಬೇಕು. ಕೆಳಮುಖವಾದ ಉದ್ದನೆಯ ಲೋಹದ ಪಟ್ಟಿ, ಅಂದರೆ ಸ್ಲೈಡರ್, 20ನೇ ಶತಮಾನದ ಮೊದಲ ದಶಕದಲ್ಲಿ ಬಳಕೆಗೆ ಬಂದು ಮೊದಲ ಮಹಾಯುದ್ಧದ ಹೊತ್ತಿಗೆ ಎಲ್ಲೆಡೆ ಹರಡಿತು. ವಿಕ್ಟೋರಿಯಾ ಕಿರೀಟ ಮುಂದೆ, ಸ್ಲೈಡರ್ ಹಿಂದೆ ಇದ್ದರೆ ಎರಡು ಅವಧಿಗಳು ಕೂಡುವುದೇ ಇಲ್ಲ. ಆ ಬ್ಯಾಡ್ಜ್ ಬೇಡ. ಆದರೆ ಉಂಗುರ ಇದ್ದ ಮಾತ್ರಕ್ಕೆ ಹಳೆಯದು ಎಂದೂ ಅಲ್ಲ. ಸ್ಕಾಟಿಷ್ ಗ್ಲೆನ್‌ಗ್ಯಾರಿಗಳಲ್ಲಿ ಉಂಗುರಗಳು ಕೊನೆಯವರೆಗೂ ಉಳಿದವು. ಅಧಿಕಾರಿಗಳ ಕಂಚಿನ ಬ್ಯಾಡ್ಜುಗಳಲ್ಲಿ ಬಟ್ಟೆಯ ಹಿಂದೆ ಮಡಚುವ ಎರಡು ಚಪ್ಪಟೆ ಕಾಲುಗಳು ಸಾಮಾನ್ಯ. ಸೀರೆಯ ಪಿನ್ನಿನಂಥ ಪಿನ್ ಇದ್ದರೆ ಅದು ಬಹುಪಾಲು ಸೈನಿಕನ ಮನೆಯವರು ಎದೆಗೆ ಧರಿಸಿದ ಬ್ರೂಚ್.

ಬೆಸುಗೆಯನ್ನು ಬಿಡದೆ ನೋಡಿ. ಕಾರ್ಖಾನೆಯ ಬೆಸುಗೆ ಅಚ್ಚುಕಟ್ಟಾಗಿ ಲೋಹದಲ್ಲಿ ಬೆರೆತಿರುತ್ತದೆ. ಬೂದು ಬಣ್ಣದ ಸೀಸದ ಮುದ್ದೆ ಕಂಡರೆ ಯಾರೋ ಆಮೇಲೆ ಕೂರಿಸಿದ್ದಾರೆ. ಪಕ್ಕದಲ್ಲೇ ಹಳೆಯ ಕೊಂಡಿ ಇದ್ದ ಗುರುತು ಹುಡುಕಿ. ಸಿಕ್ಕರೆ ಬ್ಯಾಡ್ಜ್ ಅಸಲಿ, ಕೊಂಡಿ ಮಾತ್ರ ದುರಸ್ತಿಯಾದದ್ದು. ಆಗ ಕೊಂಡಿಯ ಅವಧಿಯನ್ನು ಲೆಕ್ಕದಿಂದ ತೆಗೆದುಹಾಕಿ.

ಸ್ಲೈಡರಿನ ಮೇಲೆ ಗಾಂಟ್, ಫರ್ಮಿನ್, ಡೌಲರ್, ಟಿಮಿಂಗ್ಸ್, ಸ್ಮಿತ್ ಅಂಡ್ ರೈಟ್ ಎಂಬ ತಯಾರಕರ ಹೆಸರು ಒತ್ತಿರಬಹುದು. ಹೆಸರಿದೆ ಎಂದು ನಿರಾಳವಾಗಬೇಡಿ.

ಏಳನೆಯ ಹೆಜ್ಜೆ: ನಕಲು ಮತ್ತು ಮರುಮುದ್ರಣ

ಎರಕದ ನಕಲು ಹಿಡಿಯುವುದು ಕಷ್ಟವಲ್ಲ. ಅಸಲಿಯನ್ನೇ ಅಚ್ಚಾಗಿ ಬಳಸಿ ಹೊಯ್ದ ಲೋಹ ತಣಿಯುವಾಗ ಶೇಕಡಾ ಒಂದೆರಡರಷ್ಟು ಕುಗ್ಗುತ್ತದೆ. 45 ಮಿಲಿಮೀಟರ್ ಇರಬೇಕಾದದ್ದು 44.3 ಬಂದರೆ ಕ್ಯಾಲಿಪರ್ ಅದನ್ನು ತೋರಿಸುತ್ತದೆ. ಕಿರೀಟದ ಕಮಾನುಗಳ ನಡುವಿನ ತೂತುಗಳ ಒಳಗೋಡೆ ನೋಡಿ: ಅಸಲಿಯಲ್ಲಿ ಕತ್ತರಿಸಿದಂತೆ ನೇರವಾಗಿರುತ್ತದೆ, ಎರಕದಲ್ಲಿ ಅರ ಉಜ್ಜಿದ ಗೆರೆಗಳು ಅಥವಾ ತೆಳು ಪೊರೆಯಂಥ ಲೋಹ ಉಳಿದಿರುತ್ತದೆ.

ನಿಜವಾದ ತಲೆನೋವು ಮರುಮುದ್ರಣ. ಹಳೆಯ ಅಸಲಿ ಅಚ್ಚುಗಳನ್ನೇ ಬಳಸಿ ದಶಕಗಳ ನಂತರ ಸಂಗ್ರಾಹಕರಿಗಾಗಿ ಒತ್ತಿದ ಬ್ಯಾಡ್ಜುಗಳಿವು. ಮುಖ ಅಸಲಿಯಷ್ಟೇ ಚೊಕ್ಕಟ, ಅಳತೆಯೂ ಸರಿ. ಗಾಂಟ್, ಲಂಡನ್ ಎಂದು ಒತ್ತಿರುವ ಸ್ಲೈಡರ್ ಇಂಥ ಮರುಮುದ್ರಣಗಳಲ್ಲಿ ಮೇಲಿಂದ ಮೇಲೆ ಕಾಣುವುದರಿಂದ, 1922ರಲ್ಲೇ ವಿಸರ್ಜನೆಯಾದ ಪಡೆಯ ಬ್ಯಾಡ್ಜಿನ ಮೇಲೆ ಆ ಗುರುತು ಹೊಳೆಯುತ್ತಿದ್ದರೆ ನಾನು ಅದನ್ನು ಅಲ್ಲೇ ಬಿಟ್ಟು ಬರುತ್ತೇನೆ.

ಸವಕಳಿ ಇಲ್ಲಿ ನೆರವಿಗೆ ಬರುತ್ತದೆ. ಸೈನಿಕ ದಿನವೂ ಬ್ಯಾಡ್ಜನ್ನು ಉಜ್ಜಿ ಹೊಳಪಿಸುತ್ತಿದ್ದ. ಹಾಗಾಗಿ ಎತ್ತರದ ಭಾಗಗಳಾದ ಹುಲಿಯ ಪಕ್ಕೆ, ಕಿರೀಟದ ತುದಿ, ಅಕ್ಷರದ ಅಂಚು ನಯವಾಗಿ ಸವೆದು, ತಗ್ಗುಗಳಲ್ಲಿ ಗೆರೆಗಳು ಉಳಿದಿರುತ್ತವೆ. ಪಾಲಿಷ್‌ನ ಬೆಳ್ಳನೆಯ ಒಣಪುಡಿ ಮೂಲೆಗಳಲ್ಲಿ ಸಿಕ್ಕಿಕೊಂಡಿರುತ್ತದೆ. ತಗ್ಗು ಎತ್ತರ ಎರಡೂ ಒಂದೇ ರೀತಿ ಮಸುಕಾಗಿದ್ದರೆ ಅದು ಸವಕಳಿಯಲ್ಲ, ಎರಕದ ಮಂಕು. ಮುಂಭಾಗ ಪೂರ್ತಿ ಸವೆದು ಸ್ಲೈಡರ್ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೂ ಕಾರಣ ಕೇಳಬೇಕು.

ಒಂದು ಬ್ಯಾಡ್ಜನ್ನು ಹಿಡಿದು ನೋಡೋಣ

ಲೆಸ್ಟರ್‌ಶೈರ್ ರೆಜಿಮೆಂಟಿನ ಬ್ಯಾಡ್ಜ್ ತೆಗೆದುಕೊಳ್ಳಿ. ನಡುವೆ ನಡೆಯುತ್ತಿರುವ ಹುಲಿ, ಮೇಲಿನ ಪಟ್ಟಿಯಲ್ಲಿ ಹಿಂದೂಸ್ತಾನ್, ಕೆಳಗಿನ ಪಟ್ಟಿಯಲ್ಲಿ ಲೆಸ್ಟರ್‌ಶೈರ್. ಈ ರೆಜಿಮೆಂಟಿನ ಪೂರ್ವರೂಪವಾದ 17ನೇ ಫುಟ್ ಎಂಬ ಕಾಲಾಳು ರೆಜಿಮೆಂಟ್ 1804ರಿಂದ 1823ರವರೆಗೆ ಭಾರತದಲ್ಲಿದ್ದು, 1825ರಲ್ಲಿ ಈ ಹುಲಿಯನ್ನು ಗೌರವವಾಗಿ ಪಡೆಯಿತು. ಇದನ್ನೇ ಆರಿಸಿದ್ದಕ್ಕೆ ಕಾರಣವಿದೆ: ಇದರಲ್ಲಿ ಕಿರೀಟವೇ ಇಲ್ಲ. ಕಿರೀಟವನ್ನೇ ನಂಬಿದವರು ಇಲ್ಲಿ ದಾರಿ ತಪ್ಪುತ್ತಾರೆ.

ಹೆಸರಿನಿಂದ ಆರಂಭಿಸಿ. ಕೆಳಪಟ್ಟಿಯಲ್ಲಿ ರಾಯಲ್ ಎಂಬ ಪದವಿಲ್ಲ, ಅಂದರೆ ಈ ವಿನ್ಯಾಸ 1946ಕ್ಕಿಂತ ಹಿಂದಿನದು. ಜಿಲ್ಲೆಯ ಹೆಸರಿದೆ, ಅಂದರೆ 1881ರ ನಂತರದ್ದು. ಅರವತ್ತೈದು ವರ್ಷದ ಅವಧಿ ಸಿಕ್ಕಿತು. ಲೋಹ ನೋಡಿ: ಸಾಮಾನ್ಯ ಬ್ಯಾಡ್ಜಿನಲ್ಲಿ ಹುಲಿ ಹಿತ್ತಾಳೆ ಬಣ್ಣ, ಪಟ್ಟಿಗಳು ಬಿಳಿ. ನಿಮ್ಮದರಲ್ಲಿ ಎಲ್ಲವೂ ಹಳದಿಯಾಗಿದ್ದು ಒಂದೇ ತಗಡಿನಲ್ಲಿ ಆಗಿದ್ದರೆ ಅವಧಿ ಒಮ್ಮೆಗೇ 1916ರ ಸುತ್ತಲಿಗೆ ಇಳಿಯುತ್ತದೆ. ಮಗುಚಿ ನೋಡಿ: ಸ್ಲೈಡರ್ ಇದೆ, ಹೊಂದಿಕೆಯಾಯಿತು. ಹುಲಿಯ ಹೊಟ್ಟೆಯ ತಗ್ಗು ಹಿಂದೆ ಸ್ಪಷ್ಟವಾಗಿದೆ, ಬೆಸುಗೆ ಒಂದೇ ಬಣ್ಣದ್ದು, ಮುಂದೆ ಬೆನ್ನಿನ ಪಟ್ಟೆಗಳು ನಯವಾಗಿ ಸವೆದು ಕಾಲುಗಳ ನಡುವಿನ ಗೆರೆಗಳು ಚೂಪಾಗಿವೆ. ಈಗ ಧೈರ್ಯವಾಗಿ ಬರೆಯಬಹುದು: ಮಿತವ್ಯಯದ ತಯಾರಿಕೆ, 1916ರಿಂದ ಯುದ್ಧದ ಕೊನೆಯವರೆಗೆ, ಸಾಮಾನ್ಯ ಸೈನಿಕನದು. ಅದೇ ಬ್ಯಾಡ್ಜ್ ಹಗುರವಾದ ಅನೋಡೈಸ್ ಲೋಹದಲ್ಲಿದ್ದೂ ರಾಯಲ್ ಎಂಬ ಪದವಿಲ್ಲದಿದ್ದರೆ ಲೋಹ 1950ರ ನಂತರ ಎನ್ನುತ್ತದೆ, ಹೆಸರು 1946ಕ್ಕಿಂತ ಹಿಂದೆ ಎನ್ನುತ್ತದೆ. ಕೊಳ್ಳಬೇಡಿ.

ಭಾರತದಲ್ಲೇ ತಯಾರಾದವು

ಎರಕ ಹೊಯ್ದದ್ದೆಲ್ಲ ನಕಲು ಎಂಬ ನಿಯಮಕ್ಕೆ ನಮ್ಮಲ್ಲಿ ಒಂದು ದೊಡ್ಡ ಅಪವಾದವಿದೆ. ಬೆಂಗಳೂರಿನಲ್ಲಿ 1809ರಿಂದ ಕಂಟೋನ್ಮೆಂಟ್ ಇತ್ತು; ದೇಶದ ಉಳಿದ ದಂಡು ಪ್ರದೇಶಗಳಂತೆ ಇಲ್ಲಿಗೂ ಬ್ರಿಟಿಷ್ ರೆಜಿಮೆಂಟುಗಳು ಸರದಿಯಂತೆ ಬಂದು ಹೋಗುತ್ತಿದ್ದವು. 1896ರಲ್ಲಿ ವಿನ್‌ಸ್ಟನ್ ಚರ್ಚಿಲ್ ಬಂದದ್ದೂ ಹಾಗೆಯೇ, 4ನೇ ಹುಸಾರ್ಸ್ ಕುದುರೆ ಪಡೆಯ ಅಧಿಕಾರಿಯಾಗಿ. ಇಂಗ್ಲೆಂಡಿನಿಂದ ಬ್ಯಾಡ್ಜ್ ಬರುವವರೆಗೆ ಕಾಯಲಾಗದಾಗ, ಕಳೆದುಹೋದದ್ದಕ್ಕೆ ಬದಲಿ ಬೇಕಾದಾಗ, ದಂಡಿನ ಬಜಾರಿನ ಕಂಚುಗಾರರು ಮರಳಿನ ಅಚ್ಚಿನಲ್ಲಿ ಹೊಯ್ದು ಕೊಡುತ್ತಿದ್ದರು. ಇವು ಭಾರವಾಗಿ, ಚಿತ್ರ ತುಸು ಮೊಂಡಾಗಿ, ಅರದ ಗುರುತುಗಳೊಂದಿಗೆ ಇರುತ್ತವೆ. ಹಿಂದೆ ದಪ್ಪ ತಂತಿಯ ಉಂಗುರಗಳು.

ಇವನ್ನು ಇಂದಿನ ಅಲಂಕಾರದ ಎರಕಗಳಿಂದ ಬೇರ್ಪಡಿಸುವುದು ಅಭ್ಯಾಸದಿಂದಲೇ ಬರಬೇಕು. ಹಳೆಯ ಬಜಾರು ಬ್ಯಾಡ್ಜಿನ ಉಂಗುರದ ಒಳಭಾಗ ಪಿನ್ನಿನ ಉಜ್ಜಾಟದಿಂದ ಸವೆದಿರುತ್ತದೆ, ಮುಂಭಾಗದಲ್ಲಿ ವರ್ಷಗಳ ಪಾಲಿಷ್‌ನ ನಯವಿರುತ್ತದೆ, ತಗ್ಗಿನ ಕಿಲುಬು ಲೋಹಕ್ಕೆ ಕಚ್ಚಿಕೊಂಡಿರುತ್ತದೆ. ಹೊಸದಕ್ಕೆ ಕಪ್ಪು ಬಣ್ಣ ಬಳಿದು ಹಳೆಯದರಂತೆ ಮಾಡಿದ್ದರೆ ಹತ್ತಿಗೆ ಸ್ವಲ್ಪ ಅಸಿಟೋನ್ ಹಾಕಿ ಹಿಂಭಾಗದ ಮೂಲೆಯಲ್ಲಿ ಒರೆಸಿ; ಬಣ್ಣ ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಬ್ಯಾಡ್ಜಿಗೆ ಮಾತ್ರ ಅಸಿಟೋನ್ ಸೋಕಿಸಬೇಡಿ, ಕರಗಿ ಹೋಗುತ್ತದೆ. ವಿದೇಶಿ ಸಂಗ್ರಾಹಕರು ಬಜಾರು ಬ್ಯಾಡ್ಜುಗಳನ್ನು ಎರಡನೇ ದರ್ಜೆಯದೆಂದು ಕಾಣುವುದುಂಟು. ನನ್ನ ಮಟ್ಟಿಗೆ ಬರ್ಮಿಂಗ್‌ಹ್ಯಾಮಿನ ಯಂತ್ರದ ಕೆಲಸಕ್ಕಿಂತ ಇವು ಅಮೂಲ್ಯ. ಇವುಗಳಲ್ಲಿ ಇಬ್ಬರು ಕಾಣುತ್ತಾರೆ, ಧರಿಸಿದ ಸೈನಿಕ ಮತ್ತು ಹೊಯ್ದ ಕಂಚುಗಾರ. ಇಬ್ಬರ ಹೆಸರೂ ಎಲ್ಲೂ ದಾಖಲಾಗಿಲ್ಲ.

ತೊಳೆಯುವ ಮುನ್ನ, ಮಾರುವ ಮುನ್ನ

ಹುಣಸೆಹಣ್ಣು, ನಿಂಬೆರಸ, ಹಿತ್ತಾಳೆ ಪಾತ್ರೆ ತೊಳೆಯುವ ಪುಡಿ ಯಾವುದೂ ಬೇಡ. ಆಮ್ಲ ಮೇಲ್ಮೈಯನ್ನು ತಿಂದು ಗುಲಾಬಿ ಬಣ್ಣದ ಬೋಳು ತಾಮ್ರವನ್ನು ತೋರಿಸುತ್ತದೆ, ಆಮೇಲೆ ಸರಿಪಡಿಸಲಾಗದು. ಅಧಿಕಾರಿಗಳ ಕಂಚಿನ ಬಣ್ಣ ಒಂದೇ ಉಜ್ಜಿಗೆ ಹೋಗಿಬಿಡುತ್ತದೆ. ಶುದ್ಧೀಕರಿಸಿದ ನೀರು, ಒಂದು ಹನಿ ಸೌಮ್ಯ ಸೋಪು, ಮಕ್ಕಳ ಮೆತ್ತನೆಯ ಹಲ್ಲುಜ್ಜುವ ಬ್ರಷ್, ನಂತರ ಪೂರ್ತಿ ಒಣಗಿಸುವುದು ಸಾಕು. ಹಸಿರು ಕಿಲುಬು ದಪ್ಪಗಿದ್ದರೆ ಮರದ ಹಲ್ಲುಕಡ್ಡಿಯಿಂದ ನಿಧಾನವಾಗಿ ಎಬ್ಬಿಸಿ.

ಪ್ರತಿ ಬ್ಯಾಡ್ಜಿಗೂ ಒಂದು ಚೀಟಿ ಬರೆದಿಡಿ: ಎತ್ತರ, ಅಗಲ, ತೂಕ, ಲೋಹ, ಕೊಂಡಿಯ ಬಗೆ, ತಯಾರಕರ ಗುರುತು, ಎಲ್ಲಿ ಯಾರಿಂದ ಬಂತು, ಮತ್ತು ಪ್ರತಿ ಸುಳಿವು ಕೊಟ್ಟ ಅವಧಿ. ಮುಂದೆ ಹಿಂದೆ ಎರಡೂ ಬದಿಯ ಚಿತ್ರ ತೆಗೆಯಿರಿ. ಹೋಲಿಸಿ ನೋಡಲು ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ ಮತ್ತು ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹಗಳ ಚಿತ್ರಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ವಿದೇಶಕ್ಕೆ ಮಾರುವ ಯೋಚನೆಯಿದ್ದರೆ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯನ್ನು ಮರೆಯಬೇಡಿ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು ಖಾಸಗಿ ವ್ಯಕ್ತಿಗಳು ದೇಶದ ಹೊರಗೆ ಕಳುಹಿಸುವಂತಿಲ್ಲ. ಮೊದಲ ಮಹಾಯುದ್ಧದ ಬ್ಯಾಡ್ಜುಗಳು ಈಗ ಆ ವಯಸ್ಸನ್ನು ದಾಟಿವೆ. ನಿಮ್ಮದು ಅದಕ್ಕಿಂತ ಈಚಿನದು ಎಂದು ನಿಮಗೆ ಖಚಿತವಿದ್ದರೂ ಅಂಚೆಗೆ ಹಾಕುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯಿರಿ. ಅರ್ಜಿಯ ಜೊತೆ ಮೇಲೆ ಹೇಳಿದ ಚೀಟಿಯನ್ನೂ ಎರಡೂ ಬದಿಯ ಚಿತ್ರಗಳನ್ನೂ ಲಗತ್ತಿಸಿದರೆ ಪರಿಶೀಲಿಸುವವರ ಕೆಲಸ ಹಗುರವಾಗುತ್ತದೆ.